ಮಗಳ ದಾರಿ ಹಿಡಿದ ಪದವಿ: ಮಾಲ್ಟಾದ ಬೊಲೊನ್ಯಾ–ಸ್ಟ್ರಿಕ್‌ಲ್ಯಾಂಡ್ ಮನೆತನದ ಏರಿಕೆ

1940ರ ಆಗಸ್ಟ್ 22ರಂದು ಮಾಲ್ಟಾದ ಅಟ್ಟಾರ್ಡ್ ಊರಿನ ವಿಲ್ಲಾ ಬೊಲೊನ್ಯಾದಲ್ಲಿ ಆ ದ್ವೀಪದ ಮಾಜಿ ಪ್ರಧಾನಿ ಜೆರಾಲ್ಡ್ ಸ್ಟ್ರಿಕ್‌ಲ್ಯಾಂಡ್ ತೀರಿಕೊಂಡಾಗ ಅವರ ಹೆಸರಿನಲ್ಲಿ ಎರಡು ಕುಲೀನ ಪದವಿಗಳಿದ್ದವು. ಒಂದು 1928ರಲ್ಲಿ ಬ್ರಿಟಿಷ್ ಅರಮನೆ ಕೊಟ್ಟ ಬ್ಯಾರನ್ ಪದವಿ. ಅದು ಗಂಡು ಸಂತಾನಕ್ಕೆ ಮಾತ್ರ ಇಳಿಯುವಂಥದ್ದು. ಇಬ್ಬರು ಗಂಡುಮಕ್ಕಳೂ ಶೈಶವದಲ್ಲೇ ತೀರಿಕೊಂಡಿದ್ದರಿಂದ ಹನ್ನೆರಡು ವರ್ಷದ ಆ ಪದವಿ ಅಂದೇ ಅಳಿಯಿತು. ಇನ್ನೊಂದು, 1745ರಲ್ಲಿ, ಆಗ ಮಾಲ್ಟಾ ಆಳುತ್ತಿದ್ದ ಕ್ಯಾಥೊಲಿಕ್ ಯೋಧ ಪಂಥವಾದ ಸೇಂಟ್ ಜಾನ್ ನೈಟ್‌ಗಳ ಮುಖ್ಯಸ್ಥ, ಅಂದರೆ ಗ್ರ್ಯಾಂಡ್ ಮಾಸ್ಟರ್, ಮಾನುಯೆಲ್ ಪಿಂಟೊ ಕೊಟ್ಟ 'ಕೌಂಟ್ ದೆಲ್ಲಾ ಕಾತೆನಾ' ಪದವಿ. ಕೊಟ್ಟ ಸರಕಾರವೇ 1798ರಲ್ಲಿ ದ್ವೀಪ ಬಿಟ್ಟು ಹೋಗಿದ್ದರೂ ಆ ಪದವಿಗೆ ಏನೂ ಆಗಲಿಲ್ಲ. ಮಗಳ ದಾರಿಯಿಂದ ಇಳಿದು ಹದಿಹರೆಯದ ಮೊಮ್ಮಗನ ತಲೆಗೆ ಏರಿತು.

ಸಾಮ್ರಾಜ್ಯ ಭದ್ರವಾಗಿದ್ದಾಗ ಕೊಟ್ಟದ್ದು ಹೋಯಿತು, ಇಲ್ಲವಾದ ಸರಕಾರ ಕೊಟ್ಟದ್ದು ಉಳಿಯಿತು. ಮನೆತನ ಏರಿದ ಬಗೆಯನ್ನು ತಿಳಿಯಬೇಕಾದರೆ ಈ ವ್ಯತ್ಯಾಸದಿಂದಲೇ ಶುರು ಮಾಡಬೇಕು. ಬೊಲೊನ್ಯಾಗಳಾಗಲಿ ಸ್ಟ್ರಿಕ್‌ಲ್ಯಾಂಡರಾಗಲಿ ಮಾಲ್ಟಾದಲ್ಲಿ ಕತ್ತಿಯಿಂದ ಮೇಲೆ ಬಂದವರಲ್ಲ. ಆಳುವವನ ಲೇಖನಿಗೆ ಹತ್ತಿರ ಇರುವುದು, ಮದುವೆಯ ಕರಾರನ್ನು ಬಿಗಿಯಾಗಿ ಬರೆಸುವುದು, ಗಂಡು ಸಾಲು ಕಡಿದಾಗ ಹೆಣ್ಣಿನ ಮೂಲಕ ಆಸ್ತಿಯನ್ನೂ ಹೆಸರನ್ನೂ ದಾಟಿಸುವುದು, ಈ ಮೂರರಿಂದ ಮೇಲೆ ಬಂದವರು.

ಹಿನ್ನೆಲೆ: ಇಲ್ಲಿ ಕುಲೀನತೆ ಅಂದರೆ ಏನು

ಮಾಲ್ಟಾ ಸಿಸಿಲಿಯ ದಕ್ಷಿಣಕ್ಕಿರುವ ಸುಮಾರು 316 ಚದರ ಕಿಲೋಮೀಟರಿನ ದ್ವೀಪಸಮೂಹ. 1530ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಇದನ್ನು ಸೇಂಟ್ ಜಾನ್ ನೈಟ್‌ಗಳಿಗೆ ಉಂಬಳಿಯಾಗಿ ಕೊಟ್ಟ. ವರ್ಷಕ್ಕೊಂದು ಡೇಗೆ ಹಕ್ಕಿ ಕಾಣಿಕೆ. ಅದಕ್ಕೂ ಮೊದಲೇ ಮ್ದೀನಾ ಕೋಟೆಯೂರಿನಲ್ಲಿ ಸ್ಥಳೀಯ ಕುಲೀನರಿದ್ದರು. ದ್ಯಾರ್ ಇಲ್‌ಬ್ನೀತ್ ಎಂಬ ಜಹಗೀರು 1350ರಷ್ಟು ಹಳೆಯದು. ಅವರಿಗೆ ಭೂಮಿ ಸಿಸಿಲಿಯ ದೊರೆಯಿಂದ ಬಂದದ್ದು, ಹಾಗಾಗಿ ಹೊಸದಾಗಿ ಬಂದ ನೈಟ್‌ಗಳ ಹಂಗು ಅವರಿಗಿರಲಿಲ್ಲ. ನೈಟ್‌ಗಳೂ ಅಷ್ಟೇ, ಸ್ಥಳೀಯ ಕುಲೀನರನ್ನು ತಮ್ಮ ಸಮಾನರಾಗಿ ಪಂಥದೊಳಗೆ ಸೇರಿಸಿಕೊಳ್ಳಲಿಲ್ಲ. ಇಬ್ಬರ ನಡುವೆ ಮರ್ಯಾದೆ ಇತ್ತು, ಸಲುಗೆ ಇರಲಿಲ್ಲ.

18ನೇ ಶತಮಾನದಲ್ಲಿ ಲೆಕ್ಕ ಬದಲಾಯಿತು. ಗ್ರ್ಯಾಂಡ್ ಮಾಸ್ಟರುಗಳು ತಾವೇ ಸಾರ್ವಭೌಮರೆಂದು ತೋರಿಸಿಕೊಳ್ಳಲು ಹೊರಟರು. ಸಾರ್ವಭೌಮನಾದವನು ಬಿರುದು ಕೊಡಬೇಕಲ್ಲ. 1710ರಲ್ಲಿ ಪೆರೆಯೋಸ್ 'ಗೊಮೆರಿನೊ ಬ್ಯಾರನ್' ಪದವಿ ಕೊಟ್ಟ, 1716ರಲ್ಲಿ 'ಬುದಾಕ್ ಬ್ಯಾರನ್' ಪದವಿ ಬಂತು, ಮುಂದಿನ ದಶಕಗಳಲ್ಲಿ ಕೌಂಟ್‌ಗಳೂ ಮಾರ್ಕ್ವಿಸ್‌ಗಳೂ ಸಾಲುಗಟ್ಟಿದರು. ಇವುಗಳಲ್ಲಿ ಹೆಚ್ಚಿನವು ಹೆಸರಿಗೆ ಒಂದು ತುಂಡು ಭೂಮಿಯನ್ನು ಅಂಟಿಸಿಕೊಂಡವು. ಆ ಭೂಮಿಯಿಂದ ಸೈನ್ಯ ಕಟ್ಟುವುದಾಗಲಿ ರೈತರಿಗೆ ನ್ಯಾಯ ಹೇಳುವುದಾಗಲಿ ಸಾಧ್ಯವಿರಲಿಲ್ಲ. ಸಿಗುತ್ತಿದ್ದದ್ದು ಮೆರವಣಿಗೆಯಲ್ಲಿ ಜಾಗ, ಮದುವೆ ಮಾರುಕಟ್ಟೆಯಲ್ಲಿ ಬೆಲೆ.

ಜಾಗಕ್ಕೂ ನಿಯಮ ಇತ್ತು. ಹೊರದೇಶದ ದೊರೆಗಳಿಂದ ಬಿರುದು ತಂದವರು ಅದನ್ನು ಮಾಲ್ಟಾದಲ್ಲಿ ದಾಖಲಿಸಬೇಕೆಂದು 1739ರಲ್ಲಿ ಗ್ರ್ಯಾಂಡ್ ಮಾಸ್ಟರ್ ದೆಸ್ಪುಯಿಗ್ ಆದೇಶ ಹೊರಡಿಸಿದ. 1795ರಲ್ಲಿ ರೋಹಾನ್ ಅದನ್ನು ಮತ್ತೆ ಬಿಗಿಗೊಳಿಸಿದ. ಕೌಂಟ್ ದೊಡ್ಡವನೋ ಬ್ಯಾರನ್ ದೊಡ್ಡವನೋ ಎಂಬುದಕ್ಕಿಂತ ಯಾರ ಕಾಗದ ಹಳೆಯದು ಎಂಬುದು ಮುಖ್ಯವಾಯಿತು. ಹಾಗಾಗಿ ಈ ದ್ವೀಪದ ಕುಲೀನ ಮನೆಗಳಲ್ಲಿ ದಿನಾಂಕದ ಬಗ್ಗೆ ಇರುವ ಹಠ ಬೇರೆ ಕಡೆ ಕಾಣುವುದು ಕಡಿಮೆ.

1745: ಒಂದೇ ವರ್ಷದಲ್ಲಿ ಮೂರು ಕಾಗದ

ಈ ಪ್ರಕರಣದ ತಿರುಳು ಒಂದೇ ವರ್ಷದಲ್ಲಿ ಅಡಗಿದೆ. ಫಾಬ್ರಿಝಿಯೊ ಗ್ರೆಕ್ ಎಂಬಾತ ಪಿಂಟೊನ 'ಉದಿತೋರೆ', ಅಂದರೆ ಗ್ರ್ಯಾಂಡ್ ಮಾಸ್ಟರನ ಮುಂದೆ ಬರುವ ಅರ್ಜಿ, ವ್ಯಾಜ್ಯ, ನೇಮಕಗಳ ಬಗ್ಗೆ ಸಲಹೆ ಕೊಡುವ ಕಾನೂನು ಅಧಿಕಾರಿ. ಆ ಕಾಲದ ಮಾಲ್ಟಾದವನೊಬ್ಬನಿಗೆ ಇದಕ್ಕಿಂತ ದೊಡ್ಡ ಆಯಕಟ್ಟಿನ ಜಾಗ ಹೆಚ್ಚೇನೂ ಇರಲಿಲ್ಲ. ನೈಟ್ ಆಗಲಾರ, ಸೇನಾಪತಿಯಾಗಲಾರ. ಆದರೆ ನೈಟ್‌ಗಳ ದೊರೆ ಯಾವ ಕಾಗದಕ್ಕೆ ಸಹಿ ಹಾಕಬೇಕು ಎಂದು ಅವನ ಕಿವಿಯ ಬಳಿ ಹೇಳಬಲ್ಲ.

ಗ್ರೆಕ್‌ನ ಮಗಳು ಮರಿಯಾ ತೆಯೊದೋರಾ. ಮದುಮಗ ನಿಕೊಲೊ ಪೆರ್ದಿಕೊಮಾತಿ ಬೊಲೊನ್ಯಾ. ಮಗಳ ಮದುವೆಗೆಂದು ಗ್ರೆಕ್ ಅಟ್ಟಾರ್ಡಿನಲ್ಲಿ ಒಂದು ಬಂಗಲೆ ಕಟ್ಟಿಸಿದ. ಗ್ರ್ಯಾಂಡ್ ಮಾಸ್ಟರುಗಳ ಸ್ವಂತ ಬೇಸಿಗೆ ಅರಮನೆಯಾದ ಸಾನ್ ಅಂತೋನ್ ಇರುವ ಊರು ಅದೇ. ಇವತ್ತು ವಿಲ್ಲಾ ಬೊಲೊನ್ಯಾ ಎನ್ನುವುದು ಆ ಬಂಗಲೆಯನ್ನೇ. ಅದೇ 1745ರ ಡಿಸೆಂಬರ್ 20ರಂದು ಪಿಂಟೊ ಬೊಲೊನ್ಯಾ ಮನೆತನಕ್ಕೆ 'ದೆಲ್ಲಾ ಕಾತೆನಾ' ಕೌಂಟ್ ಪದವಿ ಕೊಟ್ಟ.

ಮದುವೆಯ ಕರಾರು, ಬಂಗಲೆ, ಪದವಿಯ ಸನ್ನದು ಎಲ್ಲವೂ ಹನ್ನೆರಡು ತಿಂಗಳೊಳಗೆ. ಹೆಣ್ಣಿನ ಅಪ್ಪ ದೊರೆಯ ಸಲಹೆಗಾರ, ಗಂಡಿನ ಕಡೆಯವರಿಗೆ ದೊರೆಯಿಂದ ಕೌಂಟ್ ಪದವಿ. ಇದನ್ನು ಕಾಕತಾಳೀಯ ಎಂದು ಓದುವುದು ನನಗಂತೂ ಕಷ್ಟ. ವರದಕ್ಷಿಣೆಯಾಗಿ ಕಟ್ಟಡ ಮತ್ತು ಹಣ ಹೆಣ್ಣಿನ ಕಡೆಯಿಂದ ಹೋಯಿತು, ಕುಲದ ಮೆರುಗು ಗಂಡಿನ ಕಡೆ ಹೊಸದಾಗಿ ಮೂಡಿತು, ಎರಡನ್ನೂ ಬೆಸೆದದ್ದು ಗ್ರೆಕ್ ಕೂತಿದ್ದ ಕುರ್ಚಿ. ವಿಲ್ಲಾಗೆ ಕಟ್ಟಿಸಿದವನ ಹೆಸರು ಉಳಿಯಲಿಲ್ಲ, ಅಳಿಯನ ಮನೆತನದ ಹೆಸರು ನಿಂತಿತು ಎಂಬುದೂ ಆ ವ್ಯವಹಾರದ ಒಂದು ಭಾಗವೇ.

ಪ್ರಿಮೊಜೆನಿತೂರಾ ಹೇಗೆ ಕೆಲಸ ಮಾಡುತ್ತದೆ

ಪದವಿ ಬರೀ ಗಾಳಿ; ಅದರ ಕೆಳಗೆ ಆಸ್ತಿ ಬೇಕು. ಮಾಲ್ಟಾದ ಕುಲೀನರು ಇದಕ್ಕೆ ಬಳಸಿದ ಹತ್ಯಾರು ಪ್ರಿಮೊಜೆನಿತೂರಾ, ಅಂದರೆ ಜ್ಯೇಷ್ಠಾಧಿಕಾರದ ಕಟ್ಟು. ಕ್ರಮ ಸರಳ. ಆಸ್ತಿಯ ಒಡೆಯ ನೋಟರಿಯ ಮುಂದೆ ಹೋಗಿ ಇಂತಿಂಥ ಹೊಲ, ಮನೆ, ಬಾಡಿಗೆ ಹಕ್ಕುಗಳನ್ನು ಪಟ್ಟಿ ಮಾಡಿಸುತ್ತಾನೆ. ಬಹಳ ಸಲ ಇದು ಮದುವೆಯ ಕರಾರಿನ ಒಳಗೇ ಒಂದು ಕಲಮು. ಅಲ್ಲಿಂದ ಮುಂದೆ ಆ ಆಸ್ತಿಯನ್ನು ಯಾರೂ ಮಾರುವಂತಿಲ್ಲ, ಪಾಲು ಮಾಡುವಂತಿಲ್ಲ. ಒಂದೊಂದು ತಲೆಮಾರಿನಲ್ಲಿ ಒಬ್ಬರೇ ಅದರ ಫಲ ಉಣ್ಣುತ್ತಾರೆ. ಅವರು ಸತ್ತ ಮೇಲೆ ಮೂಲ ಪತ್ರ ಯಾರನ್ನು ಹೇಳಿದೆಯೋ ಅವರಿಗೆ ಹೋಗುತ್ತದೆ. ಒಡೆಯ ಎನ್ನುವುದಕ್ಕಿಂತ ಜೀವಮಾನದ ಅನುಭೋಗದಾರ ಎನ್ನುವುದೇ ಸರಿ.

ಇದರ ಲಾಭ ಗೊತ್ತೇ ಇದೆ: ಸಾಲಗಾರ ಮಗನಿದ್ದರೂ ಭೂಮಿ ಹರಾಜಾಗುವುದಿಲ್ಲ. ಕೆಡುವುದು ಎಲ್ಲಿ ಎಂಬುದು ಹೆಚ್ಚು ಸ್ವಾರಸ್ಯ. ಮೊದಲನೆಯದು, ತಮ್ಮಂದಿರು ಮತ್ತು ಅಕ್ಕತಂಗಿಯರ ಗತಿ. ಆಸ್ತಿಯೆಲ್ಲ ಒಬ್ಬನ ಕೈಯಲ್ಲಿ ಕಟ್ಟಿಬಿದ್ದಾಗ ಉಳಿದವರಿಗೆ ಚರ್ಚು, ಕಾನ್ವೆಂಟು, ವಕೀಲಿಕೆ, ಇಲ್ಲವೇ ಇನ್ನೊಂದು ಜ್ಯೇಷ್ಠಾಧಿಕಾರ ಇರುವ ಮನೆಯ ಹೆಣ್ಣು. ಎರಡನೆಯದು, ಮೂಲ ಪತ್ರದ ಪದಗಳು. 'ಹಿರಿಯ ಗಂಡುಮಗ, ಅವನಿಲ್ಲದಿದ್ದರೆ...' ಎಂಬಲ್ಲಿಂದ ಮುಂದೆ ನೋಟರಿ ಏನು ಬರೆದ ಎಂಬುದರ ಮೇಲೆ ಮುಂದಿನ ನೂರು ವರ್ಷದ ವ್ಯಾಜ್ಯ ನಿಂತಿರುತ್ತದೆ. ಕೊನೆಯ ಅನುಭೋಗದಾರನಿಗೆ ಹತ್ತಿರದ ಹೆಣ್ಣು ಮೇಲೋ, ದೂರದ ಗಂಡು ಮೇಲೋ? ಹೆಣ್ಣಿಗೆ ಬರುವುದಿಲ್ಲ ಎಂದಾದರೆ ಅವಳ ಮಗನಿಗಾದರೂ ಬರುತ್ತದೆಯೋ? ಬರೆಸಿದವನು ತನ್ನ ಮಗನ ಮುಖ ನೋಡಿ ಬರೆಸಿರುತ್ತಾನೆ, ಐದನೇ ತಲೆಮಾರಿನ ಬಗ್ಗೆ ಯೋಚಿಸಿರುವುದಿಲ್ಲ.

ಮೂರನೆಯದು ಹೆಸರು. ಹೆಣ್ಣಿನ ಮೂಲಕ ಆಸ್ತಿ ಪಡೆದವನು ಆ ಮನೆಯ ಹೆಸರನ್ನೂ ಲಾಂಛನವನ್ನೂ ಹೊರಬೇಕು ಎಂಬ ಷರತ್ತು ಇಂಥ ಪತ್ರಗಳಲ್ಲಿ ಸಾಮಾನ್ಯ. ಮಾಲ್ಟಾದ ಕುಲೀನರ ಉದ್ದುದ್ದ ಜೋಡಿ ಹೆಸರುಗಳು ಇದರ ಫಲ. ಪೆರ್ದಿಕೊಮಾತಿ ಬೊಲೊನ್ಯಾ, ಆಮೇಲೆ ಸಿಬೆರ್ರಾಸ್ ಬೊಲೊನ್ಯಾ. ಸಿಬೆರ್ರಾಸ್ ಎಂಬುದು ಬೇರೆಯದೇ ಒಂದು ಹಳೆಯ ಮನೆತನ. ವಲ್ಲೆಟ್ಟಾ ನಗರ ಕೂತಿರುವ ಗುಡ್ಡಕ್ಕೂ ಅದೇ ಹೆಸರು. ಹೆಸರಿನ ಕೊನೆಯಲ್ಲಿ 'ಬೊಲೊನ್ಯಾ' ಉಳಿದಿದೆ ಅಂದರೆ ಆಸ್ತಿಯ ಎಳೆ ಕಡಿದಿಲ್ಲ ಎಂದು ಓದಬೇಕು.

ಆಳುವವರು ಬದಲಾದಾಗ

1798ರ ಜೂನ್ 12ರಂದು ನೆಪೋಲಿಯನ್ ಮಾಲ್ಟಾ ಹಿಡಿದ. ಇದ್ದದ್ದು ಒಂದು ವಾರ ಅಷ್ಟೆ, ಆದರೆ ಆ ವಾರದಲ್ಲಿ ಹೊರಟ ಆದೇಶಗಳಿಗೆ ಲೆಕ್ಕವಿಲ್ಲ: ನೈಟ್‌ಗಳು ಜಾಗ ಖಾಲಿ ಮಾಡಬೇಕು, ಕುಲೀನ ಪದವಿಗಳು ರದ್ದು, ಮನೆಗಳ ಮೇಲಿನ ಲಾಂಛನಗಳನ್ನು ಕಿತ್ತು ಹಾಕಬೇಕು. ಎರಡು ವರ್ಷದಲ್ಲಿ ಫ್ರೆಂಚರೂ ಹೋದರು. 1800ರ ಸೆಪ್ಟೆಂಬರಿನಲ್ಲಿ ಅವರ ದಂಡು ಶರಣಾಯಿತು, 1814ರ ಪ್ಯಾರಿಸ್ ಒಪ್ಪಂದದಲ್ಲಿ ದ್ವೀಪ ಬ್ರಿಟನ್ನಿಗೆ ಖಾಯಂ ಆಯಿತು.

ಪದವಿ ಕೊಟ್ಟವರು ಓಡಿಹೋಗಿದ್ದಾರೆ, ರದ್ದು ಮಾಡಿದವರೂ ಓಡಿಹೋಗಿದ್ದಾರೆ. ಈಗ ಆ ಪದವಿ ಇದೆಯೋ ಇಲ್ಲವೋ? ಬ್ರಿಟಿಷರು ಇದಕ್ಕೆ ಬಹುಕಾಲ ನೇರ ಉತ್ತರ ಕೊಡಲಿಲ್ಲ. ಹಳೆಯ ಹಕ್ಕುಗಳನ್ನು ಗೌರವಿಸುತ್ತೇವೆ ಎಂದರು, ಜೊತೆಗೆ ತಮ್ಮದೇ ಹೊಸ ಗೌರವವನ್ನು ಹಂಚಲು ಶುರು ಮಾಡಿದರು. ಸೇಂಟ್ ಮೈಕೆಲ್ ಮತ್ತು ಸೇಂಟ್ ಜಾರ್ಜ್ ಗೌರವ ಪಂಥ ಹುಟ್ಟಿದ್ದು 1818ರಲ್ಲಿ, ಮಾಲ್ಟಾ ಮತ್ತು ಅಯೋನಿಯನ್ ದ್ವೀಪಗಳ ಪ್ರಮುಖರಿಗಾಗಿಯೇ. ಮುಂದೆ ಅದು ಸಾಮ್ರಾಜ್ಯದ ರಾಜತಾಂತ್ರಿಕರ ಗೌರವವಾಯಿತು ಎಂಬುದು ಆಮೇಲಿನ ಕಥೆ. ಐದನೆಯ ಕೌಂಟ್ ನಿಕೊಲೊ ಸಿಬೆರ್ರಾಸ್ ಬೊಲೊನ್ಯಾ ಹೆಸರಿನ ಹಿಂದೆ 'ಸರ್' ಸೇರಿದಾಗ ಈ ಮನೆತನ ಎರಡನೇ ಒಡೆಯನ ಪುಸ್ತಕದಲ್ಲೂ ದಾಖಲಾಯಿತು.

ಕುಲೀನರ ಗೊಣಗಾಟ ಮಾತ್ರ ನಿಲ್ಲಲಿಲ್ಲ. ಯಾರ ಪದವಿ ನಿಜ, ಯಾರದು ಬರೀ ವಾಡಿಕೆ ಎಂದು ತೀರ್ಮಾನಿಸಲು 1870ರ ದಶಕದಲ್ಲಿ ಸರಕಾರ ವಿಚಾರಣಾ ಆಯೋಗವೊಂದನ್ನು ನೇಮಿಸಿತು, ಅದರ ವರದಿ 1878ರಲ್ಲಿ ಬಂತು. ಸನ್ನದು ತೋರಿಸಿದವರು ಗೆದ್ದರು, ತೋರಿಸಲಾರದವರು ಬಿದ್ದರು. ಕಾತೆನಾ ಪದವಿಯ ಸನ್ನದಿಗೆ ತೊಂದರೆ ಇರಲಿಲ್ಲ. ಅದು ಯಾರ ಕೈಗೆ ಎಂಬುದು ಮಾತ್ರ ಕಗ್ಗಂಟು.

ನೌಕಾಪಡೆಯ ಅಧಿಕಾರಿಯ ಮಗ

ಸರ್ ನಿಕೊಲೊನ ವಾರಸುದಾರಳು ಅವನ ಒಡಹುಟ್ಟಿದವರ ಮಗಳು ಲೂಯಿಸಾ ಬೊನ್ನಿಚಿ ಮೊಂಪಲಾವೊ. ಅವಳು ಮದುವೆಯಾದದ್ದು ಬ್ರಿಟಿಷ್ ನೌಕಾಪಡೆಯ ಕಮಾಂಡರ್ ವಾಲ್ಟರ್ ಸ್ಟ್ರಿಕ್‌ಲ್ಯಾಂಡನನ್ನು. ವಾಲ್ಟರ್ ಇಂಗ್ಲೆಂಡಿನ ವೆಸ್ಟ್‌ಮೋರ್ಲೆಂಡ್ ಸೀಮೆಯ ಸೈಜರ್ ಕೋಟೆಯ ಮನೆತನದವನು. ಹಳೆಯ ಕ್ಯಾಥೊಲಿಕ್ ಮನೆ ಅದು. ಕ್ಯಾಥೊಲಿಕ್ ಮಾಲ್ಟಾದ ಕುಲೀನ ಕುಟುಂಬಕ್ಕೆ ಪ್ರಾಟೆಸ್ಟೆಂಟ್ ಅಧಿಕಾರಿಗೆ ಹೆಣ್ಣು ಕೊಡುವುದು ಸುಲಭದ ಮಾತಲ್ಲ. ಇಲ್ಲಿ ಆ ತೊಡಕಿರಲಿಲ್ಲ. ಇವರ ಮಗ ಜೆರಾಲ್ಡ್ 1861ರ ಮೇ 24ರಂದು ವಲ್ಲೆಟ್ಟಾದಲ್ಲಿ ಹುಟ್ಟಿದರು.

1875ರಲ್ಲಿ ಹದಿನಾಲ್ಕರ ಹರೆಯದಲ್ಲೇ ಕೌಂಟ್ ಪದವಿಯ ಹಕ್ಕು ಜೆರಾಲ್ಡ್‌ಗೆ ಬಂತು. ಬಂತು ಅಂದರೆ ಜಗಳವೂ ಜೊತೆಗೇ ಬಂತು. ಅಪಾಪ್ ಮನೆತನದ ಮಾರ್ಕ್ವಿಸಾ ಎದುರಾಳಿಯಾಗಿದ್ದ ವಾರಸಿಕೆಯ ವ್ಯಾಜ್ಯ ಮಾಲ್ಟಾದ ಕೋರ್ಟುಗಳನ್ನು ದಾಟಿ ವಸಾಹತುಗಳ ಕೊನೆಯ ಮೇಲ್ಮನವಿ ಕೇಳುವ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಟ್ಟಿತು. 1882ರಲ್ಲಿ ಆರನೆಯ ಕೌಂಟ್ ಎಂಬ ಅವರ ಸ್ಥಾನಕ್ಕೆ ಅಧಿಕೃತ ಮಾನ್ಯತೆ ಸಿಕ್ಕಿತು. ಪಿಂಟೊನ ಕಾಲದ ಇಟಾಲಿಯನ್ ಭಾಷೆಯ ಕಾಗದಗಳನ್ನು ವಿಕ್ಟೋರಿಯಾ ರಾಣಿಯ ನ್ಯಾಯಾಧೀಶರು ಕೂತು ಓದಬೇಕಾಯಿತು. ಮುಂದೆ ಇದೇ ಕೌಂಟ್ ಮಾಲ್ಟಾದ ಕೋರ್ಟುಗಳಿಂದ ಇಟಾಲಿಯನ್ ಭಾಷೆಯನ್ನು ಓಡಿಸಲು ಟೊಂಕ ಕಟ್ಟಿ ನಿಂತರು.

ಜೆರಾಲ್ಡ್ ಓದಿದ ಜಾಗಗಳಲ್ಲೇ ಮನೆತನದ ಯೋಜನೆ ಕಾಣುತ್ತದೆ. ಇಂಗ್ಲೆಂಡಿನ ಆಸ್ಕಾಟ್ ಕ್ಯಾಥೊಲಿಕ್ ಶಾಲೆ, ರೋಮಿನ ಹತ್ತಿರದ ಮೊಂದ್ರಗೋನೆ ಜೆಸ್ಯುಟ್ ಕಾಲೇಜು, ಆಮೇಲೆ ಕೇಂಬ್ರಿಜಿನ ಟ್ರಿನಿಟಿಯಲ್ಲಿ ಕಾನೂನು, 1887ರಲ್ಲಿ ಕೇಂಬ್ರಿಜ್ ಯೂನಿಯನ್ನಿನ ಅಧ್ಯಕ್ಷ ಪಟ್ಟ. ಚರ್ಚಿನ ಭಾಷೆ, ಇಟಲಿಯ ಭಾಷೆ, ಸಾಮ್ರಾಜ್ಯದ ಭಾಷೆ ಮೂರೂ ಬಲ್ಲ ಮಾಲ್ಟಾದವರು ಆಗ ಬೆರಳೆಣಿಕೆ. ಓದು ಮುಗಿಯುವ ಮೊದಲೇ ಅವರು ಫೊರ್ತುನಾತೊ ಮಿಜ್ಜಿ ಜೊತೆ ಲಂಡನ್ನಿಗೆ ಹೋಗಿ ಹೊಸ ಸಂವಿಧಾನ ಬೇಕೆಂದು ವಾದಿಸಿದರು. 1887ರಲ್ಲಿ ಅದು ಬಂತು. ಮಿಜ್ಜಿ ಇಟಾಲಿಯನ್ ಪಕ್ಷದ ನಾಯಕ. ಇಬ್ಬರ ದಾರಿ ಬೇಗನೆ ಬೇರೆಯಾಯಿತು. ಮಿಜ್ಜಿಯ ಮಗ ಎನ್ರಿಕೊ ಮುಂದೆ ಸ್ಟ್ರಿಕ್‌ಲ್ಯಾಂಡರ ಕಡು ವಿರೋಧಿಯಾದ.

1889ರಲ್ಲಿ, ಇಪ್ಪತ್ತೆಂಟನೇ ವಯಸ್ಸಿಗೆ, ಅವರು ಮಾಲ್ಟಾದ ಮುಖ್ಯ ಕಾರ್ಯದರ್ಶಿ. ಗವರ್ನರನ ಕೆಳಗೆ ಇಡೀ ನಾಗರಿಕ ಆಡಳಿತ ನಡೆಸುವ ಹುದ್ದೆ. ಗವರ್ನರ್ ಸಾಮಾನ್ಯವಾಗಿ ಸೇನಾಧಿಕಾರಿ, ಹಾಗಾಗಿ ಕಡತವೆಲ್ಲ ಕಾರ್ಯದರ್ಶಿಯ ಮೇಜಿನ ಮೇಲೆ. ಗ್ರೆಕ್ ಪಿಂಟೊನ ಬಳಿ ಕೂತಿದ್ದ ಜಾಗಕ್ಕೆ ನೂರೈವತ್ತು ವರ್ಷಗಳ ನಂತರದ ಸಮಾನ ಯಾವುದು ಎಂದರೆ ಇದೇ. 1902ರವರೆಗೆ ಅಲ್ಲಿದ್ದರು. ಹದಿನೈದು ವರ್ಷದೊಳಗೆ ಕೋರ್ಟುಗಳಲ್ಲಿ ಇಟಾಲಿಯನ್ ಜಾಗಕ್ಕೆ ಇಂಗ್ಲಿಷ್ ತರುವುದಾಗಿ ವಸಾಹತು ಸಚಿವ ಚೇಂಬರ್ಲೆನ್ ಹೊರಡಿಸಿದ್ದ ಘೋಷಣೆ ಆ ಹೊತ್ತಿಗೆ ದ್ವೀಪವನ್ನು ಕೆರಳಿಸಿತ್ತು, ಲಂಡನ್ ಅದನ್ನು ಹಿಂತೆಗೆದುಕೊಂಡಿತು, ಸ್ಟ್ರಿಕ್‌ಲ್ಯಾಂಡರನ್ನು ದೂರ ಕಳಿಸಿತು.

ಕಿರಿಯ ಕೊಂಬೆ ಬುಡವನ್ನೇ ಕೊಂಡಾಗ

ಈ ಮಧ್ಯೆ ನಡೆದ ಒಂದು ಖರೀದಿಯ ಬಳಿ ಸ್ವಲ್ಪ ನಿಲ್ಲಬೇಕು. ಸೈಜರ್ ಕೋಟೆ ಸ್ಟ್ರಿಕ್‌ಲ್ಯಾಂಡರಿಗೆ ಬಂದದ್ದೂ ಹೆಣ್ಣಿನ ದಾರಿಯಲ್ಲೇ. 1239ರಲ್ಲಿ ಎಲಿಜಬೆತ್ ಡೀನ್‌ಕೋರ್ಟ್ ಎಂಬ ವಾರಸುದಾರಳನ್ನು ವಿಲಿಯಂ ಸ್ಟ್ರಿಕ್‌ಲ್ಯಾಂಡ್ ಮದುವೆಯಾದ, ಆಸ್ತಿ ಜೊತೆಗೆ ಬಂತು. ಆರೂವರೆ ಶತಮಾನದ ನಂತರ, 19ನೇ ಶತಮಾನದ ಕೊನೆಗೆ, ಆ ಮನೆ ಹಣಕ್ಕೆ ಪರದಾಡುತ್ತಿತ್ತು. ಎಷ್ಟು ಅಂದರೆ 1891ರಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಕಾಲದ ಒಂದು ಕೋಣೆಯ ಗೋಡೆಯ ಮರಗೆಲಸವನ್ನೇ ಬಿಚ್ಚಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಮ್ಮಿಗೆ ಮಾರಿದರು. ಓಕ್ ಹಲಗೆಗೆ ತಿಳಿಬಣ್ಣದ ಪಾಪ್ಲರ್ ಮತ್ತು ಜೌಗಿನಲ್ಲಿ ಕಪ್ಪಾದ ಓಕ್ ಚೂರುಗಳನ್ನು ಕೂರಿಸಿದ ಅಪರೂಪದ ಕೆತ್ತನೆ. ಮ್ಯೂಸಿಯಂ ಅದನ್ನು ಕೋಟೆಗೆ ಮರಳಿಸಿದ್ದು 1999ರಲ್ಲಿ.

1896ರಲ್ಲಿ ಜೆರಾಲ್ಡ್ ಆ ಕೋಟೆಯನ್ನು ತಮ್ಮ ದಾಯಾದಿಯಿಂದ ಕೊಂಡರು. ನೌಕಾಪಡೆಗೆ ಸೇರಿ ಹೊರಟಿದ್ದ ಕಿರಿಯ ಕೊಂಬೆ, ಮಾಲ್ಟಾದ ವಾರಸುದಾರಳ ಆಸ್ತಿಯಲ್ಲಿ ಬಲಿತು, ಬಂದು ಬುಡವನ್ನೇ ಕೊಂಡಿತು. ವಸಾಹತಿನ ಕುಲೀನರು ಇಂಗ್ಲೆಂಡಿನ ಕುಲೀನರಿಗಿಂತ ಒಂದು ಮೆಟ್ಟಿಲು ಕೆಳಗೆ ಎಂದು ಎಣಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. 1890ರಲ್ಲಿ ಅವರು ಡಿ ಲಾ ವಾರ್ ಅರ್ಲ್ ಮನೆತನದ ಲೇಡಿ ಈಡ್ಲಿನ್ ಸ್ಯಾಕ್ವಿಲ್ ಅವರನ್ನು ಮದುವೆಯಾಗಿದ್ದೂ ಇದೇ ಏರಿಕೆಯ ಇನ್ನೊಂದು ಮೆಟ್ಟಿಲು.

ಮುಂದಿನ ಹದಿನೈದು ವರ್ಷ ಗವರ್ನರಗಿರಿ: 1902ರಿಂದ ಲೀವರ್ಡ್ ದ್ವೀಪಗಳು, 1904ರಿಂದ ಟಾಸ್ಮೇನಿಯಾ, 1909ರಿಂದ ಪಶ್ಚಿಮ ಆಸ್ಟ್ರೇಲಿಯಾ, 1913ರಿಂದ ನ್ಯೂ ಸೌತ್ ವೇಲ್ಸ್. ಕೊನೆಯ ಕಡೆ ಎಡವಿದರು. ಶಾಸನಸಭೆಯ ಅವಧಿ ವಿಸ್ತರಿಸಲು ಹೊರಟ ಪ್ರೀಮಿಯರ್, ಅಂದರೆ ಆ ರಾಜ್ಯದ ಮುಖ್ಯಮಂತ್ರಿ, ಹೋಲ್ಮನ್‌ರನ್ನು ತಡೆಯಲು ಹೋಗಿ, ಲಂಡನ್ ಹೋಲ್ಮನ್ ಪರ ನಿಂತಾಗ, 1917ರಲ್ಲಿ ಆಸ್ಟ್ರೇಲಿಯಾ ಬಿಡಬೇಕಾಯಿತು. ಕಾಗದದ ಹಕ್ಕನ್ನು ಅಕ್ಷರಶಃ ಓದುವ ಅಭ್ಯಾಸ ವಾರಸಿಕೆ ಮೊಕದ್ದಮೆಯಲ್ಲಿ ವರವಾಗಿತ್ತು. ಚುನಾಯಿತ ಸರಕಾರದ ಎದುರು ಅದೇ ಮುಳುವಾಯಿತು.

ಏರಿಕೆಯ ತುದಿ, ಬಿರುಕಿನ ಜಾಗ

1921ರಲ್ಲಿ ಮಾಲ್ಟಾಗೆ ಸ್ವಯಮಾಡಳಿತ ಬಂದಾಗ ಹೊಸ ಸೆನೆಟ್ಟಿನಲ್ಲಿ ಪಾದ್ರಿಗಳಿಗೆ, ಪದವೀಧರರಿಗೆ, ವರ್ತಕರಿಗೆ, ಕಾರ್ಮಿಕ ಸಂಘಗಳಿಗೆ ಇದ್ದ ಹಾಗೆ ಕುಲೀನರಿಗೂ ಎರಡು ಸ್ಥಾನ ಇತ್ತು. ಸ್ಟ್ರಿಕ್‌ಲ್ಯಾಂಡ್ ಆ ಆರಾಮದ ಬಾಗಿಲಿನಿಂದ ಹೋಗದೆ ಕಾನ್‌ಸ್ಟಿಟ್ಯೂಷನಲ್ ಪಾರ್ಟಿ ಕಟ್ಟಿ ಮತ ಕೇಳಿದರು. ಬ್ರಿಟನ್ ಪರ, ಇಂಗ್ಲಿಷ್ ಮತ್ತು ಮಾಲ್ಟೀಸ್ ಪರ, ಇಟಾಲಿಯನ್ ವಿರುದ್ಧ. 1924ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರಿನಿಂದ ಬ್ರಿಟಿಷ್ ಸಂಸತ್ತಿಗೂ ಗೆದ್ದರು. 1927ರ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 15, ಇಟಾಲಿಯನ್ ಪರ ನ್ಯಾಷನಲಿಸ್ಟರಿಗೆ 13, ಲೇಬರಿಗೆ 3 ಸ್ಥಾನ. ಲೇಬರ್ ಜೊತೆಗಿನ ಒಪ್ಪಂದದಿಂದ ಪ್ರಧಾನಿಯಾದರು. ಕೆಲವು ತಿಂಗಳು ಮಾಲ್ಟಾದ ಪ್ರಧಾನಿಯೂ ವೆಸ್ಟ್‌ಮಿನ್‌ಸ್ಟರಿನ ಸದಸ್ಯರೂ ಅವರೇ. 1928ರಲ್ಲಿ ಬ್ಯಾರನ್ ಪದವಿ ಸಿಕ್ಕು ಲಾರ್ಡ್ಸ್ ಸಭೆಗೆ ಹೋದರು.

ಮುರಿದುಬಿದ್ದದ್ದು ಚರ್ಚಿನ ಕಡೆ. ಮಾಲ್ಟಾದ ಫ್ರಾನ್ಸಿಸ್ಕನ್ ಪಾದ್ರಿಯೊಬ್ಬರನ್ನು ಇಟಾಲಿಯನ್ ಮೇಲಧಿಕಾರಿ ದ್ವೀಪದಿಂದ ಹೊರಗೆ ವರ್ಗ ಮಾಡಿದಾಗ ಸರಕಾರ ಅಡ್ಡ ಬಂತು. ಮಠದೊಳಗಿನ ವಿಷಯ ವ್ಯಾಟಿಕನ್–ಲಂಡನ್ ಜಗಳವಾಯಿತು. 1930ರ ಮೇ 1ರಂದು ಮಾಲ್ಟಾ ಮತ್ತು ಪಕ್ಕದ ಗೋಝೊ ದ್ವೀಪದ ಬಿಷಪ್ಪರು ಹೊರಡಿಸಿದ ಪತ್ರದಲ್ಲಿ ಸ್ಟ್ರಿಕ್‌ಲ್ಯಾಂಡರಿಗೂ ಅವರ ಜೊತೆಯವರಿಗೂ ಮತ ಹಾಕುವುದು ಮಹಾಪಾಪ ಎಂದಿತ್ತು. ಅದೇ ತಿಂಗಳು 23ರಂದು ನ್ಯಾಯಾಲಯದ ಕಟ್ಟಡದಲ್ಲೇ ಜಾನ್ನಿ ಮಿಲ್ಲರ್ ಎಂಬಾತ ಅವರ ಮೇಲೆ ಗುಂಡು ಹಾರಿಸಿದ, ಗುರಿ ತಪ್ಪಿತು. ಚುನಾವಣೆ ನಿಂತಿತು, ಸಂವಿಧಾನ ಅಮಾನತಾಯಿತು. 1932ರಲ್ಲಿ ಅವರು ಚರ್ಚಿನ ಕ್ಷಮೆ ಕೇಳಿದರು. ಆದರೂ ಆ ಜೂನ್‌ನ ಚುನಾವಣೆಯಲ್ಲಿ ಸೋತರು.

ಹಳೆಯ ಬಗೆಯ ಕುಲೀನನಾಗಿದ್ದರೆ ಈ ಹೊಡೆತ ಬೀಳುತ್ತಲೇ ಇರಲಿಲ್ಲ. ಆಸ್ತಿ ಕಟ್ಟಿನೊಳಗಿದೆ, ಪದವಿ ಸನ್ನದಿನಲ್ಲಿದೆ, ಮತದಾರನ ಹಂಗಿಲ್ಲ. ಮತಪೆಟ್ಟಿಗೆಗೆ ಇಳಿದ ಕೌಂಟ್‌ಗೆ ಮಾತ್ರ ಹಳ್ಳಿಯ ಪಾದ್ರಿಯ ಮಾತು ಬಿಷಪ್ಪನ ಮುದ್ರೆಗಿಂತ ಭಾರ. ಸ್ಟ್ರಿಕ್‌ಲ್ಯಾಂಡ್ ಅದನ್ನು ತಡವಾಗಿ ಅರಿತರು ಅನ್ನಿಸುತ್ತದೆ. ಅರಿತ ಮೇಲೆ ಹಿಡಿದ ದಾರಿ ಪತ್ರಿಕೆ. 1920ರ ದಶಕದಿಂದಲೇ ಇದ್ದ ಪ್ರೋಗ್ರೆಸ್ ಪ್ರೆಸ್ಸಿನಿಂದ 1932ರಲ್ಲಿ ಮಾಲ್ಟೀಸ್ ದೈನಿಕ 'ಇಲ್‌ಬೆರ್‌ಆ', 1935ರ ಆಗಸ್ಟ್ 7ರಂದು 'ಟೈಮ್ಸ್ ಆಫ್ ಮಾಲ್ಟಾ' ಹೊರಬಂದವು. 1926ರಲ್ಲಿ ಅವರು ಮರುಮದುವೆಯಾದ ಮಾರ್ಗರೆಟ್ ಹಲ್ಟನ್ ಮ್ಯಾಂಚೆಸ್ಟರಿನ ಪತ್ರಿಕೋದ್ಯಮಿ ಎಡ್ವರ್ಡ್ ಹಲ್ಟನ್‌ನ ಮಗಳು. ಹಣವೂ ಕಸುಬಿನ ಅರಿವೂ ಮತ್ತೆ ಹೆಣ್ಣಿನ ಕಡೆಯಿಂದಲೇ. 1929ರ ಸೇಂಟ್ ಎಡ್ವರ್ಡ್ಸ್ ಕಾಲೇಜು, ವಲ್ಲೆಟ್ಟಾದ ಹೆಬ್ಬಾಗಿಲ ಹೊರಗಿನ ಫಿನಿಶಿಯಾ ಹೋಟೆಲು, ಎರಡೂ ಅವಳ ಸಾಹಸ. 1939ರಲ್ಲಿ ಹತ್ತು ಚುನಾಯಿತ ಸ್ಥಾನಗಳಲ್ಲಿ ಆರನ್ನು ಗೆದ್ದು ಸ್ಟ್ರಿಕ್‌ಲ್ಯಾಂಡ್ ಮತ್ತೆ ಬಹುಮತದ ನಾಯಕರಾದರು. ಮರುವರ್ಷ ತೀರಿಕೊಂಡು ಮ್ದೀನಾ ಕೆಥೆಡ್ರಲ್ಲಿನ ನೆಲಮಾಳಿಗೆ ಸೇರಿದರು.

ಐವರು ಹೆಣ್ಣುಮಕ್ಕಳು, ಹಂಚಿಹೋದ ಮನೆ

ಉಳಿದದ್ದು ಐವರು ಹೆಣ್ಣುಮಕ್ಕಳು. ಹಿರಿಯಳು ಮೇರಿ, ಗಂಡ ಹೆನ್ರಿ ಹೋರ್ನಿಯೋಲ್ಡ್; ಈ ದಂಪತಿಯ ಹೆಸರು ಹೋರ್ನಿಯೋಲ್ಡ್-ಸ್ಟ್ರಿಕ್‌ಲ್ಯಾಂಡ್ ಆಯಿತು, ಬೊಲೊನ್ಯಾ ಕಾಲದ ಅದೇ ಹಳೆಯ ತಂತ್ರ. ಇವರ ಮಗ ಥಾಮಸ್ ಏಳನೆಯ ಕೌಂಟ್ ದೆಲ್ಲಾ ಕಾತೆನಾ. ಸೈಜರ್ ಕೋಟೆ ಈ ಕವಲಿಗೆ ಹೋಗಿ, 1950ರಲ್ಲಿ ನ್ಯಾಷನಲ್ ಟ್ರಸ್ಟಿಗೆ ದಾನವಾಯಿತು. ಅಟ್ಟಾರ್ಡಿನ ವಿಲ್ಲಾ ಡಿ ಟ್ರಾಫರ್ಡ್ ಕುಟುಂಬಕ್ಕೆ ಮದುವೆಯಾದ ಸೆಸಿಲಿಯಾಳ ಕವಲಿಗೆ. ಪತ್ರಿಕೆ, ರಾಜಕೀಯ, ಜಗಳ ಮೂರೂ ಮದುವೆಯಾಗದ ಮೇಬೆಲ್‌ಗೆ.

1899ರಲ್ಲಿ ಹುಟ್ಟಿದ ಮೇಬೆಲ್ 1935ರಿಂದ 1950ರವರೆಗೆ 'ಟೈಮ್ಸ್ ಆಫ್ ಮಾಲ್ಟಾ' ಸಂಪಾದಕಿ. 1940–42ರ ಬಾಂಬಿನ ಮಳೆಯಲ್ಲಿ ಕಾಗದ ಸಿಗದಿದ್ದರೂ ಒಂದು ದಿನವೂ ಪತ್ರಿಕೆ ತಪ್ಪಲಿಲ್ಲ. ಆ ದಿನಗಳು ಅವರಿಗೆ ತಂದ ಗೌರವ ಅಪ್ಪನ ಬ್ಯಾರನ್ ಪದವಿಗಿಂತ ಹೆಚ್ಚು ಬಾಳಿತು. ರಾಜಕೀಯದಲ್ಲಿ ಹಾಗಾಗಲಿಲ್ಲ. 1953ರಲ್ಲಿ ಅವರು ಕಟ್ಟಿದ ಪಕ್ಷ 1962ರಲ್ಲಿ ಗೆದ್ದದ್ದು ಒಂದೇ ಸ್ಥಾನ, ಅದೂ ಅವರದೇ. 1966ರಲ್ಲಿ ಅದೂ ಹೋಯಿತು. ಬ್ರಿಟನ್ನಿಗೆ ಅಂಟಿಕೊಂಡು ಬೆಳೆದ ಮನೆಗೆ ಸ್ವತಂತ್ರ ಮಾಲ್ಟಾದಲ್ಲಿ ಹತ್ತಿರ ಕೂರಲು ಯಾವ ದೊರೆಯೂ ಉಳಿದಿರಲಿಲ್ಲ. 1975ರ ಕಾಯಿದೆಯಿಂದ ಗಣರಾಜ್ಯ ಕುಲೀನ ಪದವಿಗಳಿಗೆ ಮಾನ್ಯತೆ ಕೊಡುವುದನ್ನೇ ನಿಲ್ಲಿಸಿತು. 1979ರ ಅಕ್ಟೋಬರ್ 15ರಂದು ಪ್ರಧಾನಿ ಮಿಂಟೋಫ್ ಬೆಂಬಲಿಗರ ಗುಂಪು ಪ್ರೋಗ್ರೆಸ್ ಪ್ರೆಸ್ ಕಟ್ಟಡಕ್ಕೆ ಬೆಂಕಿ ಹಚ್ಚಿತು. ಮರುದಿನದ ಪತ್ರಿಕೆ ಬೇರೆ ಮುದ್ರಣಾಲಯದಲ್ಲಿ ಅಚ್ಚಾಗಿ ಓದುಗರ ಕೈ ಸೇರಿತು.

ಇಂಥ ಮನೆತನದ ಕಾಗದ ಹುಡುಕುವವರಿಗೆ

ಮಾಲ್ಟಾದ ವಂಶಾವಳಿಗಳಲ್ಲಿ ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಜೋಡಿ ಹೆಸರಿನ ಮೊದಲ ಭಾಗ ರಕ್ತದ್ದು, ಎರಡನೆಯದು ಆಸ್ತಿಯದ್ದು ಎಂದು ಊಹಿಸಿ ಹೊರಟರೆ ಹಲವು ಸಲ ಸರಿಹೋಗುತ್ತದೆ, ಆದರೆ ಅದನ್ನು ನಿಯಮವಾಗಿಸಬಾರದು. ಮದುವೆಯ ದಾಖಲೆ ನೋಡಲೇಬೇಕು. 16ನೇ ಶತಮಾನದ ಟ್ರೆಂಟ್ ಧರ್ಮಸಭೆಯ ನಂತರದ ಪ್ಯಾರಿಷ್ ಪುಸ್ತಕಗಳಲ್ಲಿ ದೀಕ್ಷಾಸ್ನಾನ, ಮದುವೆ, ಸಾವು ಸಿಗುತ್ತವೆ. ಆದರೆ ಏಕೆ ಮದುವೆಯಾಯಿತು ಎಂಬುದು ಅಲ್ಲಿಲ್ಲ. ಅದು ವಲ್ಲೆಟ್ಟಾದ ನೋಟರಿ ದಾಖಲೆಗಳಲ್ಲಿ, ವರದಕ್ಷಿಣೆಯ ಪಟ್ಟಿಯಲ್ಲಿದೆ. ಪದವಿಯ ಸನ್ನದಿಗೆ ನೈಟ್‌ಗಳ ದಫ್ತರ ನೋಡಬೇಕು, ಅದು ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಹುಡುಕುವಾಗ ಊರಿನ ಹೆಸರಿಗಿಂತ ನೋಟರಿಯ ಹೆಸರು ಹಿಡಿದುಕೊಳ್ಳಿ, ಸಂಪುಟಗಳನ್ನು ಕಟ್ಟಿಟ್ಟಿರುವುದು ನೋಟರಿಗಳ ಹೆಸರಿನಲ್ಲಿ. 'ಐದನೆಯ', 'ಆರನೆಯ' ಎಂಬ ಸಂಖ್ಯೆಗಳನ್ನೂ ಕಣ್ಣುಮುಚ್ಚಿ ನಂಬಬೇಡಿ. ವಾರಸಿಕೆ ದಾಟಿಸಿದ ಹೆಣ್ಣನ್ನು ಒಬ್ಬರು ಎಣಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ.

ಮೇಬೆಲ್ 1988ರ ನವೆಂಬರಿನಲ್ಲಿ ತೀರಿಕೊಂಡರು. ಅದಕ್ಕೆ ಒಂಬತ್ತು ವರ್ಷ ಮೊದಲೇ ಸ್ಟ್ರಿಕ್‌ಲ್ಯಾಂಡ್ ಫೌಂಡೇಶನ್ ಸ್ಥಾಪಿಸಿದ್ದರು; ಪತ್ರಿಕಾ ಕಂಪನಿಯ ಬಹುಪಾಲು ಷೇರು ಈಗ ಅದರ ಕೈಯಲ್ಲಿದೆ. ಷೇರು ಹರಿದು ಹಂಚಿಹೋಗಬಾರದು, ಒಬ್ಬರೇ ಮಾರಿ ತಿನ್ನಬಾರದು ಎಂಬ ಉದ್ದೇಶ ಹೊಸದೇನಲ್ಲ. ವಾರಸುದಾರರಿಗೂ ಫೌಂಡೇಶನ್ನಿಗೂ ನಡುವೆ ಆ ಷೇರುಗಳ ಮತ್ತು ಉಯಿಲಿನ ಮೇಲಿನ ವ್ಯಾಜ್ಯ ಮಾಲ್ಟಾದ ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆಯಿತು. ಅಲ್ಲಿ ಅರ್ಜಿ, ತೀರ್ಪು ಎಲ್ಲವೂ ಮಾಲ್ಟೀಸ್ ಭಾಷೆಯಲ್ಲಿ.